ನೆನಪಿಲ್ಲದ ಶನಿವಾರ

ಲೆನೋರಾ ದೊಡ್ಡಮ್ಮನ ತಲೆಯೊಳಗೆ, ಎಡಗಿವಿಯ ಹಿಂದೆ, ಗುಂಡಿನ ಅವರೆಕಾಳಿನಷ್ಟು ಸೀಸ ಉಳಿದುಕೊಂಡಿತ್ತು. ತೆಗೆಯಲು ಹೋದರೆ ಮಾತೇ ನಿಂತುಹೋಗಬಹುದು ಎಂದು ಡಾಕ್ಟರು ಅದನ್ನು ಅಲ್ಲೇ ಬಿಟ್ಟಿದ್ದರು. "ಇರ್ಲಿ ಬಿಡಿ, ಊಟ ಕೇಳಲ್ಲ ನೀರು ಕೇಳಲ್ಲ, ಒಂದು ಮೂಲೇಲಿ ಬಿದ್ದಿರುತ್ತೆ" ಎಂದು ದೊಡ್ಡಮ್ಮ ಅವರಿಗೇ ಸಮಾಧಾನ ಹೇಳಿದ್ದಳು. ಆಮೇಲಿಂದ ಅವಳಿಗೆ ಹೊತ್ತಿನ ಲೆಕ್ಕ ಸ್ವಲ್ಪ ಸಡಿಲವಾಯಿತು. ಬೆಳಗಿನ ಕಾಫಿ ಕುಡಿಯುತ್ತಾ ಕೂತವಳು ಕಣ್ಣು ಬಿಟ್ಟುಕೊಂಡೇ ಎಲ್ಲಿಗೋ ಹೋಗಿ, ಕಾಫಿ ತಣ್ಣಗಾದ ಮೇಲೆ ವಾಪಸು ಬರುತ್ತಿದ್ದಳು. "ಎಲ್ಲಿಗೆ ಹೋಗಿದ್ದೆ ದೊಡ್ಡಮ್ಮ?" ಎಂದರೆ, "ಎಲ್ಲೂ ಇಲ್ಲ ಕಣೇ ನೀಸಿ, ನದಿ ಕಡೆ" ಎನ್ನುತ್ತಿದ್ದಳು.

ನನ್ನ ಹೆಸರು ಬರ್ನೀಸ್, ಮನೆಯಲ್ಲಿ ನೀಸಿ. ಊರಿನ ಶಾಲೆಯ ಬಸ್ಸು ಓಡಿಸುತ್ತೇನೆ. ನಮ್ಮಮ್ಮ ತೀರಿಕೊಂಡಾಗ ನನಗೆ ಏಳು ವರ್ಷ. ಅಂದಿನಿಂದ ಲೆನೋರಾ ದೊಡ್ಡಮ್ಮ, ಕ್ಲಿಯೋಫಸ್ ದೊಡ್ಡಪ್ಪ, ಈ ಮೇಬ್ರಿ ದಂಪತಿಯೇ ನನಗೆ ಅಪ್ಪ ಅಮ್ಮ. ದೊಡ್ಡಪ್ಪ ರೈಲ್ವೆಯಲ್ಲಿ ಗೂಡ್ಸ್ ಗಾಡಿಗಳ ಬ್ರೇಕು ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತನಾದವನು. ಎತ್ತರದ ಆಳು. ಕೂತರೆ ಏಳಲು ಎರಡು ನಿಮಿಷ ಬೇಕು, ಎದ್ದರೆ ಸುಮ್ಮನೆ ನಿಲ್ಲುವವನಲ್ಲ. ಮೂವತ್ತು ವರ್ಷದಿಂದ ಪ್ರತಿ ಶನಿವಾರ ನಸುಕಿನಲ್ಲಿ ಇಬ್ಬರೂ ಗಾಳ ಹಿಡಿದು ಮಿಸಿಸಿಪ್ಪಿ ನದಿಯ ಏರಿಯ ಮೇಲೆ ಹೋಗಿ ಕೂರುತ್ತಿದ್ದರು. ದೊಡ್ಡ ಮೀಸೆಯ ಮೀನು ಸಿಕ್ಕರೆ ದೊಡ್ಡಪ್ಪ ಹಾಡುತ್ತಾ ಬರುತ್ತಿದ್ದ. ಸಿಗದಿದ್ದರೆ ತಪ್ಪಿಸಿಕೊಂಡು ಹೋದ ಮೀನಿನ ಉದ್ದವನ್ನು ಎರಡು ಕೈ ಅಗಲಿಸಿ ತೋರಿಸುತ್ತಿದ್ದ. "ಇನ್ನೊಂಚೂರು ಅಗಲ್ಸು, ಬಾಗಿಲಿಗೆ ಕೈ ತಾಗುತ್ತೆ" ಎನ್ನುವಳು ದೊಡ್ಡಮ್ಮ.

ಸಾವಿರದ ಒಂಬೈನೂರ ತೊಂಬತ್ತಾರರ ಆಗಸ್ಟ್ ಮೊದಲ ಶನಿವಾರ ಬೆಳಿಗ್ಗೆ ಆರರ ಸುಮಾರಿಗೆ ಯಾರೋ ಅವರಿಬ್ಬರಿಗೆ ಗುಂಡು ಹೊಡೆದರು. ಅಂದು ನದಿಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ದೋಣಿಗಳು ಬರೀ ಸದ್ದಾಗಿ ಹೋಗುತ್ತಿದ್ದವಂತೆ. ಎಂಟು ಗಂಟೆಗೆ ಮಂಜು ತಿಳಿಯಾದಾಗ ದೋಣಿಯವನೊಬ್ಬ ಅವರನ್ನು ನೋಡಿದ. ದೊಡ್ಡಪ್ಪನ ಜೀವ ಆಗಲೇ ಹೋಗಿತ್ತು. ಹತ್ತು ಹೆಜ್ಜೆ ಆಚೆ, ಹುಲ್ಲಿನಲ್ಲಿ, ದೊಡ್ಡಮ್ಮ ಇನ್ನೂ ಉಸಿರಾಡುತ್ತಿದ್ದಳು.

ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗಲೇ ಇನ್ನೂ ಮೂರು ಸುದ್ದಿ ಬಂದವು. ಹನ್ನೊಂದಕ್ಕೆ ಕ್ಷೌರದಂಗಡಿಯ ಮುಂದೆ ಕೂತಿದ್ದ ಒಬ್ಬನ ಕಾಲಿಗೆ ಗುಂಡು. ಹನ್ನೆರಡೂವರೆಗೆ ಬಸ್ ನಿಲ್ದಾಣದಲ್ಲಿ ಇವೆಟ್ ಸ್ಪೈವಿ, ಇಪ್ಪತ್ತನಾಲ್ಕು ವರ್ಷದ ನರ್ಸು, ಬಿಳಿ ಬೂಟು ಹಾಕಿಕೊಂಡು ಕೆಲಸಕ್ಕೆ ಹೊರಟವಳು. ಎರಡಕ್ಕೆ ಚರ್ಚಿನ ಅಂಗಳದಲ್ಲಿ ಸಂಜೆಯ ಊಟಕ್ಕೆ ಮೇಜು ಹಾಕುತ್ತಿದ್ದ ಹಿರಿಯ ಏಮಸ್ ಟಾರ್ಪ್ಲಿ. ಇವೆಟ್ ಅಲ್ಲೇ ತೀರಿಹೋದಳು, ಏಮಸ್ ಆಸ್ಪತ್ರೆಯ ದಾರಿಯಲ್ಲಿ ಹೋದರು. ಎಲ್ಲರೂ ನಮ್ಮ ಜನ, ಕರಿಯರು. ಈ ಮೂರು ಕಡೆಯೂ ನೋಡಿದವರು ಹೇಳಿದ್ದು ಒಂದೇ: ಹಸಿರು ಬಣ್ಣದ ವ್ಯಾನು, ನಿಧಾನವಾಗಿ ಬಂತು, ಕಿಟಕಿ ಇಳಿಯಿತು. ನಾಲ್ಕು ಗಂಟೆಗೆ ಸೇತುವೆಯಾಚೆಯ ಪೆಟ್ರೋಲ್ ಬಂಕಿನಲ್ಲಿ ಪೊಲೀಸರು ಅವನನ್ನು ಹಿಡಿದರು. ಟ್ರೆಂಟ್ ಹೆಲ್ವಿಗ್ ಎಂಬ ಇಪ್ಪತ್ತಾರು ವರ್ಷದ ಬಿಳಿಯ. ಸೀಟಿನ ಮೇಲೆ ರೈಫಲ್ಲು. ಪಕ್ಕದಲ್ಲಿ ಒಂದು ನೋಟುಬುಕ್ಕು. ಅದರಲ್ಲಿ ನಮ್ಮನ್ನು ಹುಳುಹುಪ್ಪಟೆಗಳೆಂದು ಕರೆದು, ಊರನ್ನು ಹೇಗೆ ಚೊಕ್ಕಟ ಮಾಡಬೇಕೆಂದು ಮುದ್ದಾದ ಅಕ್ಷರದಲ್ಲಿ ಬರೆದಿದ್ದ. ಮುಂದೆ ಅದನ್ನು ಕೋರ್ಟಿನಲ್ಲಿ ಓದಿದರು. ಓದಿದ ಗುಮಾಸ್ತ ನಡುನಡುವೆ ನೀರು ಕುಡಿಯುತ್ತಿದ್ದ.

ಹತ್ತೊಂಬತ್ತು ದಿನ ದೊಡ್ಡಮ್ಮನಿಗೆ ಎಚ್ಚರ ಇರಲಿಲ್ಲ. ದೊಡ್ಡಪ್ಪನನ್ನು ಮಣ್ಣು ಮಾಡಿದ್ದು ಅವಳಿಗೆ ಗೊತ್ತಾಗಲಿಲ್ಲ. ಕಣ್ಣು ಬಿಟ್ಟ ದಿನ ಅವಳು ಮೊದಲು ಕೇಳಿದ್ದು, "ಕ್ಲಿಯೋ ಎಲ್ಲಿ? ಮೀನು ಕೆಟ್ಟು ಹೋಗುತ್ತೆ, ಐಸ್ ಹಾಕಕ್ಕೆ ಹೇಳು." ನಾನು ಹೇಳಿದೆ. ಅವಳು ಕೇಳಿಸಿಕೊಂಡಳು. ಮಾರನೆಯ ದಿನ ಮತ್ತೆ ಅದನ್ನೇ ಕೇಳಿದಳು. ನಾಲ್ಕು ದಿನ ನಾಲ್ಕು ಸಲ ನಾನು ಅವಳಿಗೆ ದೊಡ್ಡಪ್ಪ ಸತ್ತ ಸುದ್ದಿ ಹೇಳಬೇಕಾಯಿತು. ಐದನೆಯ ದಿನ ಅವಳು ಕೇಳಲಿಲ್ಲ.

ಶುಕ್ರವಾರದವರೆಗಿನ ಬದುಕು ಅವಳಿಗೆ ಚೆನ್ನಾಗಿ ನೆನಪಿತ್ತು. ಶನಿವಾರ ಮಾತ್ರ ಇರಲಿಲ್ಲ. ಹಾಸಿಗೆಯಿಂದ ಎದ್ದದ್ದು, ಬಾಗಿಲು ಹಾಕಿದ್ದು, ಏರಿ ಹತ್ತಿದ್ದು, ಯಾವುದೂ ಇಲ್ಲ.

ಮೊಕದ್ದಮೆ ನಿಂತದ್ದು ಆ ಶನಿವಾರದ ಮೇಲೇ. ಹೆಲ್ವಿಗ್ ಉಳಿದ ಮೂರು ಕಡೆಯದನ್ನು ಪೊಲೀಸರೆದುರು ಜಂಬದಿಂದಲೇ ಒಪ್ಪಿಕೊಂಡಿದ್ದ. ಏರಿಯ ಮಾತು ಬಂದಾಗ "ಅದು ನಾನಲ್ಲ" ಎಂದುಬಿಟ್ಟ. ಏರಿಯ ಮೇಲೆ ಹಾರಿದ್ದು ಪಿಸ್ತೂಲಿನ ಗುಂಡು. ಆ ಪಿಸ್ತೂಲು ಸಿಕ್ಕಿರಲಿಲ್ಲ, ನದಿಯ ಪಾಲಾಗಿರಬೇಕು. ಮಂಜಿನಲ್ಲಿ ವ್ಯಾನನ್ನು ಯಾರೂ ನೋಡಿರಲಿಲ್ಲ. ಅವನ ವಕೀಲನ ವಾದ ಇಷ್ಟು: ಹೆಲ್ವಿಗ್‌ಗೆ ಮೊದಲಿಂದಲೂ ತಲೆ ಸರಿಯಿಲ್ಲ, ಅಂದು ಹತ್ತು ಗಂಟೆಗೆ ಮನೆಯಲ್ಲಿ ಅಕ್ಕನ ಜೊತೆ ದೊಡ್ಡ ಜಗಳವಾಯಿತು, ಆಗ ಬುದ್ಧಿ ಕೆಟ್ಟು ಬಂದೂಕು ತೆಗೆದುಕೊಂಡು ಹೊರಟ, ಏನು ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಆರು ಗಂಟೆಗೇ ಏರಿಯ ಮೇಲೆ ಇಬ್ಬರಿಗೆ ಹೊಡೆದವನು ಅವನೇ ಎಂದಾದರೆ ಹತ್ತು ಗಂಟೆಯ ಕಥೆ ಬಿದ್ದುಹೋಗುತ್ತದೆ. ಆರು ಗಂಟೆಗೆ ಅಲ್ಲಿದ್ದು ಬದುಕಿ ಉಳಿದವಳು ಒಬ್ಬಳೇ.

ಮಾರ್ಚಿನಲ್ಲಿ ದೊಡ್ಡಮ್ಮನಿಗೆ ಕನಸು ಶುರುವಾಯಿತು. ಒಂದು ಬೆಳಿಗ್ಗೆ ನಾನು ಮೊಟ್ಟೆ ಹುರಿಯುತ್ತಿದ್ದೆ. ಅವಳು ಮೇಜಿನ ಮೇಲೆ ಎರಡೂ ಅಂಗೈ ಊರಿ ಕೂತು ಹೇಳತೊಡಗಿದಳು.

"ಮಂಜು ಇದೆ ಕಣೇ. ಹಾಲು ಉಕ್ಕಿ ಬಂದ ಹಾಗೆ. ನದಿ ಹರೀತಿಲ್ಲ, ನಿಂತಿದೆ. ನಿನ್ನ ದೊಡ್ಡಪ್ಪನ ಬೆನ್ನು ಕಾಣುತ್ತೆ, ಟೋಪಿ ಕಾಣುತ್ತೆ. ಹಸಿರು ವ್ಯಾನು ಬರುತ್ತೆ, ಒಂಚೂರೂ ಸದ್ದಿಲ್ಲ, ದೋಣಿ ತೇಲಿ ಬಂದ ಹಾಗೆ. ಕಿಟಕಿ ಇಳಿಯುತ್ತೆ. ನಾನು 'ದಾರಿ ತಪ್ಪಿದ್ರಾ?' ಅಂತ ಕೇಳ್ತೀನಿ."

"ಆಮೇಲೆ?"

"ಆಮೇಲೆ ಕ್ಲಿಯೋ ತಿರುಗಿ ನೋಡಿ ನಗ್ತಾನೆ. ನನಗೆ ಎಚ್ಚರ ಆಗಿಬಿಡುತ್ತೆ."

"ಕಿಟಕಿ ಒಳಗೆ ಯಾರಿದಾರೆ?"

"ಮೊನ್ನೆ ತನಕ ಯಾರೂ ಇರ್ಲಿಲ್ಲ, ಬರೀ ಹೊಗೆ. ಇವತ್ತು ಅವನಿದ್ದ."

ಅವಳು ಅವನ ಮುಖವನ್ನು ಆಸ್ಪತ್ರೆಯ ಟೀವಿಯಲ್ಲಿ ನೂರು ಸಲ ನೋಡಿದ್ದಳು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ನಾನು ಸುಮ್ಮನಿರಲಾರದೆ ಸರ್ಕಾರಿ ವಕೀಲೆ ಹ್ಯಾಲೊರನ್‌ಗೆ ಫೋನ್ ಮಾಡಿಬಿಟ್ಟೆ. ಆಕೆ ಅಂದೇ ಮಧ್ಯಾಹ್ನ ಬಂದರು. ತೆಳ್ಳಗಿನ ಬಿಳಿಯ ಹೆಂಗಸು, ಕೋಟಿನ ಜೇಬಿನಲ್ಲಿ ಸದಾ ನಾಲ್ಕೈದು ಪೆನ್ಸಿಲು. ದೊಡ್ಡಮ್ಮ ಹೇಳಿದ್ದನ್ನೆಲ್ಲ ಬರೆದುಕೊಂಡರು.

"ಮೇಬ್ರಿ ಅಮ್ಮ, ತಲೆಗೆ ಪೆಟ್ಟಾದವರಿಗೆ ನೆನಪು ಹೀಗೇ ಚೂರುಚೂರಾಗಿ ವಾಪಸು ಬರುತ್ತೆ ಅಂತ ಡಾಕ್ಟರೇ ಹೇಳ್ತಾರೆ. ಕನಸಿನ ರೂಪದಲ್ಲೂ ಬರಬಹುದು."

"ಬರಬಹುದು" ಎಂದಳು ದೊಡ್ಡಮ್ಮ. "ಅದೇ ಕನಸಲ್ಲಿ ನಾನು ಹದಿನೆಂಟು ವರ್ಷದವಳು. ಆ ಹಳದಿ ಲಂಗ ಹಾಕ್ಕೊಂಡಿದೀನಿ. ಅದನ್ನೂ ಬರ್ಕೊಂಡ್ರಾ?"

ಹ್ಯಾಲೊರನ್ ಪೆನ್ಸಿಲು ಕೆಳಗಿಟ್ಟರು. ಬಲವಂತ ಮಾಡಲಿಲ್ಲ. ಯೋಚನೆ ಮಾಡಿ ಎಂದಷ್ಟೇ ಹೇಳಿ ಹೋದರು.

ಬಲವಂತ ಮಾಡಿದ್ದು ಇಯೋಲಾ ಸ್ಪೈವಿ, ಇವೆಟ್‌ಳ ತಾಯಿ. ಇಯೋಲಾ ಮತ್ತು ದೊಡ್ಡಮ್ಮ ಚರ್ಚಿನ ಗಾಯನ ತಂಡದಲ್ಲಿ ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ನಿಂತು ಹಾಡಿದವರು. ಮೊಕದ್ದಮೆಗೆ ಹದಿನೈದು ದಿನವಿದ್ದಾಗ ಆಕೆ ಬೆಣ್ಣೆ ಕೇಕು ಮಾಡಿಕೊಂಡು ಬಂದಳು. ತಟ್ಟೆ ಮೇಜಿನ ಮೇಲಿಟ್ಟಳು, ಅದಕ್ಕೆ ಮುಚ್ಚಿದ ಬಟ್ಟೆ ತೆಗೆಯಲಿಲ್ಲ.

"ಲೆನೋರಾ, ಒಂದೇ ಮಾತು. 'ಇವನೇ' ಅನ್ನು. ಇನ್ನೇನೂ ಬೇಡ."

"ನಾನು ನೋಡಿದ್ದು ಅಂತ ನನಗೆ ಖಾತ್ರಿ ಇಲ್ಲ ಇಯೋಲಾ."

"ಅವನೇ ಅಂತ ಖಾತ್ರಿ ಇದೆಯೋ ಇಲ್ವೋ?"

"ಇದೆ."

"ಮತ್ತೆ? ಹುಚ್ಚ ಅಂತ ತೀರ್ಮಾನ ಮಾಡಿ ಅವನನ್ನ ಆಸ್ಪತ್ರೇಲಿಟ್ಟು, ಹತ್ತು ವರ್ಷಕ್ಕೆ ವಾಸಿಯಾಯ್ತು ಅಂತ ಬಿಟ್ಟುಬಿಡ್ತಾರೆ. ನನ್ನ ಮಗಳನ್ನ ಕೊಂದವನು ಅಂಗಡೀಲಿ ನನ್ನ ಹಿಂದೆ ಸಾಲಲ್ಲಿ ನಿಂತ್ಕೋತಾನೆ. ಅದು ನಿನಗೆ ಸರೀನಾ?"

ದೊಡ್ಡಮ್ಮ ಕೇಕಿನ ತಟ್ಟೆಯನ್ನೇ ನೋಡುತ್ತಾ ಕೂತಳು. ಎಂದಿನಂತೆ ನದಿ ಕಡೆ ಹೋಗಿಬಿಟ್ಟಳೇನೋ ಎಂದುಕೊಂಡೆ. ಆದರೆ ಅವಳು ಅಲ್ಲೇ ಇದ್ದಳು.

"ನಮ್ಮಣ್ಣ ಎಜ್ರಾ ಗೊತ್ತಲ್ಲ ನಿನಗೆ. ದಕ್ಷಿಣದಲ್ಲಿ ಹನ್ನೊಂದು ವರ್ಷ ಜೈಲಲ್ಲಿದ್ದ. ಒಬ್ಬ ಹೆಂಗಸು ಬೈಬಲ್ ಮುಟ್ಟಿ 'ನಾನು ಕಣ್ಣಾರೆ ಕಂಡೆ, ಇವನೇ' ಅಂದಳು. ಅಷ್ಟೇ. ಬೇರೆ ಏನೂ ಇರ್ಲಿಲ್ಲ."

"ನಿಮ್ಮಣ್ಣ ಮಾಡಿರ್ಲಿಲ್ಲ. ಇವನು ಮಾಡಿದಾನೆ."

"ಆ ಹೆಂಗಸಿಗೂ ಹಾಗೇ ಅನ್ಸಿತ್ತು ಇಯೋಲಾ. ಅವಳು ಬೇಕು ಅಂತ ಸುಳ್ಳು ಹೇಳಿರ್ಲಿಲ್ಲ. ಅವಳ ಮುಖ ನನಗಿನ್ನೂ ನೆನಪಿದೆ."

ಇಯೋಲಾ ಎದ್ದು ನಿಂತಳು. "ತಟ್ಟೆ ವಾಪಸು ಕಳಿಸೋದು ಬೇಡ" ಎಂದು ಹೇಳಿ ಹೊರಟುಹೋದಳು. ಆ ಕೇಕನ್ನು ನಾವಿಬ್ಬರೂ ಮುಟ್ಟಲಿಲ್ಲ.

ನಮ್ಮ ಜಿಲ್ಲೆಯಲ್ಲಿ ವಿಷಯ ಗೊತ್ತಿಲ್ಲದ ಜೂರಿ ಸಿಗುವುದಿಲ್ಲವೆಂದು ಮೊಕದ್ದಮೆಯನ್ನು ನದಿಯ ಮೇಲ್ಭಾಗದ ವೆಸ್ಟರ್ಲಿ ಎಂಬ ಊರಿಗೆ ಕಳಿಸಿದ್ದರು. ಎರಡು ತಾಸಿನ ದಾರಿ. ಸೆಪ್ಟೆಂಬರಿನಲ್ಲಿ ಮೂರು ವಾರ ನಾನು ರಜ ಹಾಕಿ ದಿನಾ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಒಂದು ಕಡೆ ನದಿ, ಇನ್ನೊಂದು ಕಡೆ ಕೊನೆಯಿಲ್ಲದ ಮುಸುಕಿನ ಜೋಳ. ಹೊಲ ಒಣಗಿ ಬಿಳುಚಿತ್ತು. ಬಿಸಿಲಿಗೆ ತೆನೆಗಳ ಮೇಲೆ ಗಾಳಿ ನಡುಗುತ್ತಿತ್ತು. ಆ ದಾರಿಯಲ್ಲಿ ಎಷ್ಟು ಹೋದರೂ ಹೋದ ಹಾಗಾಗುತ್ತಿರಲಿಲ್ಲ. ಒಂದೇ ಕೆಂಪು ಕಣಜದ ಮನೆ, ಒಂದೇ ಬಿಳಿ ಕುದುರೆ ಮತ್ತೆ ಮತ್ತೆ ಎದುರಾಗುವಂತಿತ್ತು. ದೊಡ್ಡಮ್ಮ ಕಿಟಕಿಗೆ ಹಣೆ ಒತ್ತಿಕೊಂಡು, ದೊಡ್ಡಪ್ಪನ ಜೊತೆ ಸಣ್ಣದಾಗಿ ಏನೋ ಮಾತಾಡುತ್ತಿದ್ದಳು. ಒಮ್ಮೆ ನಡುವೆ ನನ್ನ ಕಡೆ ತಿರುಗಿ, "ಐವತ್ತು ಮಕ್ಕಳನ್ನ ಕೂರಿಸ್ಕೊಂಡು ಓಡಿಸೋವಳು, ಒಬ್ಬ ಮುದುಕೀನ ಹೀಗೆ ಎತ್ತೆತ್ತಿ ಹಾಕ್ತೀಯಲ್ಲೇ" ಎಂದಳು.

"ರಸ್ತೆ ಹಾಗಿದೆ ದೊಡ್ಡಮ್ಮ."

"ತಪ್ಪನ್ನ ರಸ್ತೆ ಮೇಲೆ ಹಾಕು. ಅದಕ್ಕೆ ಬಾಯಿಲ್ವಲ್ಲ."

ಕೋರ್ಟಿನ ಹಾಲ್ ತಣ್ಣಗಿತ್ತು, ಎತ್ತರದ ಕಿಟಕಿಗಳಿದ್ದವು. ಸದ್ದೆಲ್ಲ ನೀರಿನೊಳಗಿಂದ ಬಂದ ಹಾಗೆ ಕೇಳಿಸುತ್ತಿತ್ತು. ಹೆಲ್ವಿಗ್ ಯಾರದೋ ಎರವಲು ಕೋಟು ತೊಟ್ಟು, ಕೂದಲು ಒದ್ದೆ ಮಾಡಿ ಬಾಚಿಕೊಂಡು ಕೂತಿರುತ್ತಿದ್ದ. ಅವನನ್ನು ಕಂಡರೆ ನನಗೆ ಏನೇನೋ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಬಸ್ಸಿನಲ್ಲಿ ಕೊನೆಯ ಸೀಟಿಗೆ ಹೋಗಿ ಕೂರುವ, ಯಾರೂ ಮಾತಾಡಿಸದ ಹುಡುಗರ ಹಾಗಿದ್ದ. ಅದು ನನಗೆ ಇನ್ನೂ ಭಯ ತಂದಿತು. ಹಿಂದಿನ ಬೆಂಚಿನಲ್ಲಿ ಅವನ ಅಕ್ಕ ಡಾರ್ಲಾ ದಿನವೂ ಒಬ್ಬಳೇ ಕೂರುತ್ತಿದ್ದಳು. ಮೂವತ್ತರ ಹೆಂಗಸು, ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ಎಂಟನೆಯ ದಿನ ಅವಳು ಸಾಕ್ಷಿ ಕಟ್ಟೆ ಹತ್ತಿ, ಅಂದು ಹತ್ತು ಗಂಟೆಗೆ ಜಗಳವಾದದ್ದು ನಿಜ, ತಮ್ಮ ಕಿರುಚಾಡಿ ಬಾಗಿಲು ಒದ್ದು ಹೋದ, ಎಂದು ನೆಲ ನೋಡುತ್ತಾ ಹೇಳಿದಳು. ಜಗಳ ಯಾಕಾಯಿತು ಎಂದಾಗ, "ಮನೆ ವಿಷ್ಯ" ಎಂದಳು.

ಅದಕ್ಕೆ ಉತ್ತರವಾಗಿ ಹನ್ನೊಂದನೆಯ ದಿನ ದೊಡ್ಡಮ್ಮನನ್ನು ಕರೆದರು. ಅವಳು ನೀಲಿ ಉಡುಪು ಹಾಕಿಕೊಂಡು, ಗಾಯದ ಗುರುತು ಮುಚ್ಚುವ ಹಾಗೆ ಹ್ಯಾಟು ಇಟ್ಟಿದ್ದಳು. ಹ್ಯಾಲೊರನ್ ಮೃದುವಾಗಿ ಕೇಳಿದರು.

"ಮೇಬ್ರಿ ಅಮ್ಮ, ಆ ದಿನ ಬೆಳಿಗ್ಗೆ ಏರಿ ಮೇಲೆ ನೀವು ಏನು ನೋಡಿದ್ರಿ?"

"ನೆನಪಿಲ್ಲ ತಾಯಿ."

"ಆಮೇಲೆ ನಿಮಗೆ ಏನಾದ್ರೂ ನೆನಪಿಗೆ ಬಂತಾ?"

"ಕನಸು ಬರುತ್ತೆ."

ಅವಳು ಕನಸನ್ನು ಹೇಳಿದಳು. ಮಂಜು, ವ್ಯಾನು, ಕಿಟಕಿ. ಜೂರಿಯಲ್ಲಿದ್ದ ವಯಸ್ಸಾದ ರೈತನೊಬ್ಬ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ.

"ಕಿಟಕಿಯೊಳಗಿನ ಆ ಮುಖ ಈ ಹಾಲಿನಲ್ಲಿ ಇದೆಯಾ?"

ದೊಡ್ಡಮ್ಮ ಹೆಲ್ವಿಗ್‌ನನ್ನು ನೋಡಿದಳು. ಅವನೂ ನೋಡಿದ. ನನ್ನ ಪಕ್ಕದ ಸಾಲಿನಲ್ಲಿ ಇಯೋಲಾ ಎರಡು ಕೈಯನ್ನೂ ಬಾಯಿಗೆ ಒತ್ತಿಕೊಂಡಿದ್ದಳು.

"ಇದೆ. ಅಲ್ಲಿ ಕೂತಿದಾನೆ" ಎಂದಳು ದೊಡ್ಡಮ್ಮ. ಆಮೇಲೆ ಯಾರೂ ಕೇಳುವ ಮೊದಲೇ ಜೂರಿಯ ಕಡೆ ತಿರುಗಿದಳು. "ಆದ್ರೆ ನಾನು ನಿಮಗೆ ಪೂರ್ತಿ ಹೇಳ್ಬೇಕು. ನನ್ನ ಗಂಡನ್ನ ಕೊಂದವನು ಇವನೇ ಅಂತ ನನಗೆ ಗೊತ್ತು. ಕಂಡಿದ್ರಿಂದ ಗೊತ್ತಾಗಿದ್ದಾ ಅಂದ್ರೆ, ಗೊತ್ತಿಲ್ಲ. ಟೀವೀಲಿ ನೋಡಿದ ಮೇಲೇ ಆ ಮುಖ ಕನಸಿಗೆ ಬಂದಿದ್ದು. ಆ ಕನಸಲ್ಲಿ ನನ್ನ ಗಂಡ ಇನ್ನೂ ನಗ್ತಾನೆ. ಅವನು ನಗೋದು ಸುಳ್ಳು ಅಂದ ಮೇಲೆ, ಮುಖ ಒಂದೇ ನಿಜ ಅಂತ ನಾನು ಬೈಬಲ್ ಮುಟ್ಟಿ ಹೇಗೆ ಹೇಳ್ಲಿ?"

ಹೆಲ್ವಿಗ್‌ನ ವಕೀಲ ಎದ್ದು, ತಾನು ಕೇಳುವುದು ಏನೂ ಇಲ್ಲ ಎಂದು ಕೂತ. ದೊಡ್ಡಮ್ಮ ಕಟ್ಟೆ ಇಳಿದು ಬರುವಾಗ ಒಂದು ಮೆಟ್ಟಿಲು ತಪ್ಪಿದಳು. ಪೇದೆ ತೋಳು ಹಿಡಿದುಕೊಂಡ. ಇಯೋಲಾ ಆಗಲೇ ಎದ್ದು ಹೊರಗೆ ಹೋಗಿದ್ದಳು.

ಜೂರಿ ಮೂರು ದಿನ ತೆಗೆದುಕೊಂಡಿತು. ಹುಚ್ಚಿನ ವಾದವನ್ನು ಅವರು ಒಪ್ಪಲಿಲ್ಲ. ಆ ನೋಟುಬುಕ್ಕಿನ ಅಕ್ಷರ ತೀರಾ ನೆಟ್ಟಗಿತ್ತು. ಇವೆಟ್, ಏಮಸ್, ಕ್ಷೌರದಂಗಡಿಯ ಮುಂದೆ ಕೂತಿದ್ದವನು, ಮೂರು ಆರೋಪದಲ್ಲೂ ತಪ್ಪಿತಸ್ಥ ಎಂದರು. ಮರಣದಂಡನೆಗೆ ಎಲ್ಲರ ಒಮ್ಮತ ಬರಲಿಲ್ಲ. ಸಾಯುವವರೆಗೆ ಜೈಲು, ಹೊರಗೆ ಬರುವ ಮಾತಿಲ್ಲ. ಏರಿಯ ಆರೋಪದಲ್ಲಿ ಮಾತ್ರ ಏಳು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ. ಹನ್ನೆರಡೂ ಜನ ಒಪ್ಪದೆ ತೀರ್ಮಾನವಿಲ್ಲ.

ಶಿಕ್ಷೆ ಹೇಳುವ ದಿನ ಸತ್ತವರ ಮನೆಯವರು ಮಾತಾಡಬಹುದಿತ್ತು. ಇಯೋಲಾ ಮಾತಾಡಿದಳು. ಏಮಸ್‌ರ ಮಗ ಮಾತಾಡಿದ. ದೊಡ್ಡಮ್ಮನೂ ಎದ್ದಳು. ನ್ಯಾಯಾಧೀಶರು ಕನ್ನಡಕ ತೆಗೆದು, ಬಹಳ ಸಂಕೋಚದಿಂದ, "ಮೇಬ್ರಿ ಅಮ್ಮ, ಕಾನೂನಿನ ಪ್ರಕಾರ ನಿಮ್ಮ ಯಜಮಾನರ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಇವತ್ತು ನಿಮ್ಮ ಮಾತು ಕೇಳೋ ಹಾಗಿಲ್ಲ" ಎಂದರು.

"ಹಾಗಾದ್ರೆ ಕೂತ್ಕೋತೀನಿ" ಎಂದು ಅವಳು ಕೂತಳು.

ಆ ಚಳಿಗಾಲ ಕಷ್ಟದ್ದು. ಅವನು ಹೇಗೂ ಹೊರಗೆ ಬರುವುದಿಲ್ಲ, ಇನ್ನೇನಾಗಬೇಕು ಎಂದು ಕೆಲವರು ಹೇಳಿದರು. ಇನ್ನು ಕೆಲವರು ಚರ್ಚಿನಲ್ಲಿ ದೊಡ್ಡಮ್ಮ ಬಂದರೆ ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದರು. ಬಿಳಿಯರ ಮುಂದೆ ಒಳ್ಳೆಯವಳೆನಿಸಿಕೊಳ್ಳಲು ಗಂಡನನ್ನು ಬಿಟ್ಟುಕೊಟ್ಟಳು ಎಂಬ ಮಾತು ನನ್ನ ಕಿವಿಗೂ ಬಿತ್ತು. ಇಯೋಲಾ ಹಾಡುವವರ ಸಾಲಿನ ಇನ್ನೊಂದು ತುದಿಗೆ ಹೋಗಿ ನಿಂತಳು. ದೊಡ್ಡಮ್ಮ ಯಾರಿಗೂ ಏನೂ ಹೇಳಲಿಲ್ಲ. ಒಂದೇ ಸಲ, ಬಟ್ಟೆ ಮಡಿಸುತ್ತಾ, "ನೀಸಿ, ಕಾಗದದ ಮೇಲೆ ನಿನ್ನ ದೊಡ್ಡಪ್ಪನ್ನ ಯಾರೂ ಕೊಂದಿಲ್ಲ ಕಣೇ. ಸುಮ್ನೆ ಸತ್ತುಹೋಗಿದಾನೆ" ಎಂದಳು. ಆ ಆರೋಪವನ್ನು ಮತ್ತೆ ನಡೆಸಲು ಹೊಸ ಸಾಕ್ಷ್ಯ ಬೇಕು, ಇಲ್ಲವಾದರೆ ಶರತ್ಕಾಲದಲ್ಲಿ ಕೈಬಿಡಬೇಕಾಗುತ್ತದೆ ಎಂದು ಹ್ಯಾಲೊರನ್ ಪತ್ರ ಬರೆದಿದ್ದರು.

ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ದೊಡ್ಡಮ್ಮ ಮನೆಯ ಮುಂದಿನ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಬಿಸಿಲು ಜೇನಿನ ಹಾಗೆ ದಪ್ಪಗೆ ಬಿದ್ದಿತ್ತು, ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಒಂದು ಹಳೆಯ ಕಾರು ಬಂದು ನಿಂತಿತು. ಒಳಗಿದ್ದವಳು ಇಳಿಯಲು ಬಹಳ ಹೊತ್ತು ತೆಗೆದುಕೊಂಡಳು. ಡಾರ್ಲಾ ಹೆಲ್ವಿಗ್. ನಾನು ಬಾಗಿಲಿನಿಂದ ಹೊರಗೆ ಬಂದೆ.

"ಯಾಕೆ ಬಂದೆ?" ಎಂದು ನಾನೇ ಕೇಳಿದೆ.

"ಅಮ್ಮನ ಹತ್ರ ಮಾತಾಡ್ಬೇಕು."

"ಮಾತಾಡ್ಲಿ ಬಿಡೇ. ಮೆಟ್ಟಿಲ ಮೇಲೆ ಕೂತ್ಕೋ, ಬಿಸಿಲಿದೆ" ಎಂದಳು ದೊಡ್ಡಮ್ಮ. ಡಾರ್ಲಾ ಕೂರಲಿಲ್ಲ.

"ಆ ದಿನ ಬೆಳಿಗ್ಗೆ ಏಳು ಗಂಟೆಗೆ ಅವನು ಫೋನ್ ಮಾಡಿದ್ದ. ರಸ್ತೆ ಬದಿ ಬೂತಿಂದ. 'ಏರಿ ಮೇಲೆ ಎರಡು ಆಯ್ತು, ಇನ್ನೂ ಇದೆ' ಅಂದ. ಕುಡಿದಿದಾನೆ, ಬಡಾಯಿ ಕೊಚ್ತಿದಾನೆ ಅಂದ್ಕೊಂಡೆ. ಫೋನ್ ಇಟ್ಟು ಮತ್ತೆ ಮಲಗಿದೆ. ಹತ್ತು ಗಂಟೆಗೆ ಮನೆಗೆ ಬಂದಾಗ ಅದೇನೋ ನಿಜಾನಾ ಅಂತ ಕೇಳಿದೆ. ಜಗಳ ಆಗಿದ್ದು ಅದಕ್ಕೇ."

ದೊಡ್ಡಮ್ಮನ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಹಾಗೇ ಇತ್ತು.

"ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?" ಎಂದು ಅವಳು ಕೇಳಿದಳು.

"ನನ್ನ ತಮ್ಮ ಅಲ್ವಾ. ಆಮೇಲೆ ಮಧ್ಯಾಹ್ನ ಟೀವೀಲಿ ಬಂತು. ಆಗ ಹೇಳಿದ್ರೆ, ನೀನು ಏಳು ಗಂಟೆಗೇ ಹೇಳ್ಬಹುದಿತ್ತಲ್ಲ ಅಂತಿದ್ರು. ಆ ನರ್ಸ್ ಹುಡುಗಿ, ಚರ್ಚಿನ ಯಜಮಾನರು..." ಅವಳು ಉಗುರು ಕಚ್ಚಿದಳು. "ಕೋರ್ಟಲ್ಲಿ ನೀವು ಹಾಗೆ ಹೇಳಿದಾಗ ನಾನು ಹಿಂದಿನ ಬೆಂಚಲ್ಲಿದ್ದೆ. ನಿಮಗೆ ಸುಳ್ಳು ಹೇಳೋದು ಸುಲಭ ಇತ್ತು. ನನ್ನ ಹತ್ರ ನಿಜ ಇತ್ತು. ಅವತ್ತಿಂದ ನಾನು ಸರಿಯಾಗಿ ಊಟ ಮಾಡಿಲ್ಲ."

ಅವಳ ಊಟದ ಮಾತು ನನಗ್ಯಾಕೆ? ದೊಡ್ಡಮ್ಮ ನಿಧಾನವಾಗಿ ಸಿಪ್ಪೆಯನ್ನು ಬೋಗುಣಿಯ ಪಕ್ಕ ಇಟ್ಟಳು.

"ನೋಡಮ್ಮ, ನನ್ನ ಹತ್ರ ಹೇಳಿ ಹಗುರ ಮಾಡ್ಕೊಂಡು ಹೋಗ್ತೀನಿ ಅಂತ ಬಂದಿದ್ರೆ, ಅದು ಇಲ್ಲಿ ಆಗಲ್ಲ. ಇಯೋಲಾ ಸ್ಪೈವಿ ಮನೆಗಂತೂ ಹೋಗಲೇಬೇಡ, ಅವಳು ಏನು ಮಾಡ್ತಾಳೋ ನಾನು ಹೇಳಕ್ಕಾಗಲ್ಲ. ನಾಳೆ ಸೋಮವಾರ. ಹ್ಯಾಲೊರನ್ ಎಂಟು ಗಂಟೆಗೆ ಆಫೀಸಿಗೆ ಬರ್ತಾಳೆ."

"ಹೋದ್ರೆ ನನ್ನನ್ನೂ ಹಿಡೀತಾರೆ. ಕಟ್ಟೆ ಮೇಲೆ ಮುಚ್ಚಿಟ್ಟಿದೀನಲ್ಲ."

"ಹಿಡಿದ್ರೂ ಹಿಡೀಬಹುದು."

ಡಾರ್ಲಾ ಇನ್ನೇನೋ ಕಾಯುತ್ತಿದ್ದಳು. ದೊಡ್ಡಮ್ಮ ಮತ್ತೆ ಸುಲಿಯತೊಡಗಿದಳು. ಕಾರು ಬೀದಿಯ ತುದಿಯಲ್ಲಿ ಬಿಸಿಲಿಗೆ ಕರಗಿದ ಹಾಗೆ ಮರೆಯಾಯಿತು. ನಾವಿಬ್ಬರೂ ಒಟ್ಟಿಗೆ ಕಂಡ ಕನಸೇನೋ ಇದು ಎಂದು ನನಗೆ ಒಂದು ಕ್ಷಣ ಅನ್ನಿಸಿತು.

"ಹೋಗ್ತಾಳಾ ದೊಡ್ಡಮ್ಮ?"

"ಗೊತ್ತಿಲ್ಲ. ನೀನು ಫೋನ್ ಮುಟ್ಟಬೇಡ. ಅವಳೇ ಹೋಗ್ಬೇಕು."

ಸೋಮವಾರ ಏನೂ ಆಗಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಮಧ್ಯಾಹ್ನ ಹ್ಯಾಲೊರನ್ ಫೋನ್ ಮಾಡಿದರು. ಡಾರ್ಲಾ ಬಂದು ಎಲ್ಲ ಬರೆದುಕೊಟ್ಟಿದ್ದಳು. ಫೋನ್ ಕಂಪನಿಯ ದಾಖಲೆ ತರಿಸಿ ನೋಡಿದರೆ, ಏಳು ಗಂಟೆ ನಾಲ್ಕು ನಿಮಿಷಕ್ಕೆ ಏರಿಯ ರಸ್ತೆಯ ಬೂತಿನಿಂದ ಡಾರ್ಲಾಳ ಮನೆಗೆ ಕರೆ ಹೋಗಿತ್ತು. ಅಷ್ಟು ದಿನ ಅದನ್ನು ಹುಡುಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಡಾರ್ಲಾಗೆ ಸತ್ಯ ಮುಚ್ಚಿಟ್ಟದ್ದಕ್ಕೆ ಜೈಲಿನ ಬದಲು ಒಂದು ವರ್ಷ ಕೋರ್ಟಿನ ನಿಗಾದಲ್ಲಿರುವ ಶಿಕ್ಷೆಯಾಯಿತು. ಆಮೇಲೆ ಅವಳು ಊರು ಬಿಟ್ಟಳು. ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ.

ಅಕ್ಕ ತನ್ನ ವಿರುದ್ಧ ಕಟ್ಟೆ ಹತ್ತುತ್ತಾಳೆ ಎಂದು ತಿಳಿದ ಮೇಲೆ ಹೆಲ್ವಿಗ್ ಇನ್ನೊಂದು ವಿಚಾರಣೆ ಬೇಡವೆಂದ. ನವೆಂಬರಿನಲ್ಲಿ, ಅದೇ ತಣ್ಣಗಿನ ಹಾಲಿನಲ್ಲಿ, ನ್ಯಾಯಾಧೀಶರು ಕೇಳಿದರು: "ತೊಂಬತ್ತಾರರ ಆಗಸ್ಟ್ ಮೂರರಂದು ಕ್ಲಿಯೋಫಸ್ ಮೇಬ್ರಿಯವರನ್ನು ಕೊಂದದ್ದು, ಲೆನೋರಾ ಮೇಬ್ರಿಯವರನ್ನು ಕೊಲ್ಲಲು ಪ್ರಯತ್ನಿಸಿದ್ದು ನೀನೇ?"

"ಹೌದು" ಎಂದ. ಶಿಕ್ಷೆಯಲ್ಲಿ ಏನೂ ಬದಲಾಗಲಿಲ್ಲ, ಇನ್ನೊಂದು ಜೀವಾವಧಿ ಸೇರಿತು. ದೊಡ್ಡಪ್ಪನ ಹೆಸರು ಕಾಗದಕ್ಕೆ ಬಂತು.

"ಈಗ ನೀವು ಮಾತಾಡಬಹುದು" ಎಂದರು ನ್ಯಾಯಾಧೀಶರು.

ದೊಡ್ಡಮ್ಮ ಎದ್ದು ನಿಂತಳು. ಹೆಲ್ವಿಗ್‌ನ ಕಡೆ ನೋಡಲಿಲ್ಲ. ಕಟ್ಟೆಯ ಕೆಳಗೆ ಎಲ್ಲವನ್ನೂ ಟೈಪು ಮಾಡುತ್ತಾ ಕೂತಿದ್ದ ಹೆಂಗಸಿನ ಕಡೆ ನೋಡಿದಳು.

"ಆ ಶನಿವಾರ ನನಗೆ ನೆನಪಿಲ್ಲ, ಇನ್ನು ಬರೋದೂ ಇಲ್ಲ. ಹಿಂದಿನ ದಿನ ನೆನಪಿದೆ. ಶುಕ್ರವಾರ. ಬೆಳಿಗ್ಗೆ ಕ್ಲಿಯೋ ಟೊಮೇಟೊ ಗಿಡಕ್ಕೆ ಕೋಲು ಕಟ್ಟಿದ. ವಕ್ರವಾಗಿ ಕಟ್ಟಿದ, ನಾನು ಬೈದೆ. ಮಧ್ಯಾಹ್ನ ರೇಡಿಯೋ ಬಿಚ್ಚಿ ರಿಪೇರಿ ಮಾಡ್ತೀನಿ ಅಂತ ಕೂತು, ಕೊನೇಗೆ ಎರಡು ಸ್ಕ್ರೂ ಉಳಿಸಿದ. ರೇಡಿಯೋ ಹಾಡ್ತು. ಸ್ಕ್ರೂ ಎಲ್ಲಿದು ಅಂತ ಇಬ್ಬರಿಗೂ ತಿಳೀಲಿಲ್ಲ. ಸಂಜೆ ನನಗೆ ಬಗ್ಗಕ್ಕಾಗಲ್ಲ ಅಂತ ನನ್ನ ಕಾಲು ತೊಡೆ ಮೇಲಿಟ್ಕೊಂಡು ಉಗುರು ಕತ್ತರಿಸಿದ. ಅವನ ಕೈ ದೊಡ್ಡದು, ರೈಲಿನ ಕೆಲಸ ಮಾಡಿದ ಕೈ. ಕತ್ತರಿ ಬಹಳ ಸಣ್ಣದು. ನಾಲಿಗೆ ಹೊರಗಿಟ್ಕೊಂಡು ಕತ್ತರಿಸ್ತಿದ್ದ, ಒಂದು ಸಲಾನೂ ನೋವಾಗ್ಲಿಲ್ಲ. ನಾಳೆ ಮಂಜು ಬೀಳುತ್ತೆ, ಮೀನು ಕಚ್ಚುತ್ತೆ ಅಂದ." ಅವಳು ಟೈಪು ಮಾಡುತ್ತಿದ್ದವಳ ಕಡೆ ಬಾಗಿದಳು. "ಇಷ್ಟೇ. ಇದನ್ನ ಬರ್ಕೊಂಡ್ರಾ ತಾಯಿ?"

ಟೈಪು ಮಾಡುತ್ತಿದ್ದ ಹೆಂಗಸು ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು, ಬೆರಳು ನಿಂತಿರಲಿಲ್ಲ.

ಇಯೋಲಾ ಅಂದು ಬಂದಿದ್ದಳು. ನಮ್ಮ ಬೆಂಚಿನಲ್ಲೇ, ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಗಾಳಿ ಜೋರಾಗಿತ್ತು. ಅವಳು ಹ್ಯಾಟನ್ನು ಒತ್ತಿ ಹಿಡಿದುಕೊಂಡು ನಮ್ಮ ಹತ್ತಿರ ಬಂದಳು.

"ಅವನಕ್ಕ ಆಗಲೇ ಪೊಲೀಸರಿಗೆ ಒಂದು ಫೋನ್ ಮಾಡಿದ್ರೆ ನನ್ನ ಮಗಳು ಇರ್ತಿದ್ದಳು."

"ಹೌದು" ಎಂದಳು ದೊಡ್ಡಮ್ಮ.

"ನಿನ್ನ ಮೇಲೂ ನನಗೆ ಸಿಟ್ಟು ಪೂರ್ತಿ ಹೋಗಿಲ್ಲ."

"ಗೊತ್ತು. ಊಟ ಆಯ್ತಾ?"

"ಇಲ್ಲ."

ಮೂವರೂ ಕೋರ್ಟಿನ ಎದುರಿನ ಸಣ್ಣ ಹೋಟೆಲಿಗೆ ಹೋಗಿ ಬಿಸಿ ಸೂಪು ಕುಡಿದೆವು. ಇಯೋಲಾ ಬಸ್ಸಿನಲ್ಲಿ ಬಂದಿದ್ದಳು, ವಾಪಸು ನಮ್ಮ ಕಾರಿನಲ್ಲಿ ಬಂದಳು. ಕಟಾವಾದ ಹೊಲಗಳ ಮೇಲೆ ಕಾಗೆಗಳು ಹಾರುತ್ತಾ ಇಳಿಯುತ್ತಾ ಇದ್ದವು. ನದಿಯ ಬಣ್ಣವೂ ಆಕಾಶದ ಬಣ್ಣವೂ ಒಂದೇ ಆಗಿತ್ತು, ಗೆರೆ ಎಲ್ಲಿದೆಯೋ ಕಾಣಿಸುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರೂ ಆಕಡೆ ಒಬ್ಬರು ಈಕಡೆ ಒಬ್ಬರು ಒರಗಿ ನಿದ್ದೆಹೋದರು. ಸೇತುವೆ ಹತ್ತಿರ ಬಂದಾಗ ದೊಡ್ಡಮ್ಮ ಕಣ್ಣು ಬಿಟ್ಟಳು.

"ಮನೆ ಬಂತೇನೇ?"

"ಇನ್ನೂ ಹತ್ತು ನಿಮಿಷ ದೊಡ್ಡಮ್ಮ."

"ಹಾಗಾದ್ರೆ ಇನ್ನೊಂಚೂರು ಮಲಗ್ತೀನಿ" ಎಂದು ಅವಳು ಇಯೋಲಾಳ ಮೇಲೆ ತನ್ನ ಕೋಟನ್ನು ಹೊದಿಸಿ, ಮತ್ತೆ ಕಣ್ಣು ಮುಚ್ಚಿದಳು.